ಕಿವಿ ಕೇಳದವನಿಗೆ ಫೋನ್ ಮಾಡಬೇಡಿ, ಕಾಗದ ಬರೆಯಿರಿ

ಇವರಿಗೆ: ಗ್ರಾಹಕರ ದೂರು ನೋಡಿಕೊಳ್ಳುವವರು, ಪೆನ್ಶನ್ ಅರ್ಜಿ ಮಾಡಿಕೊಡುವ ನಿಮ್ಮ ಕಂಪನಿ
ಇವರಿಂದ: ನಿವೃತ್ತ ಹವಾಲ್ದಾರ್, ಬದಿಯಡ್ಕದ ಹತ್ತಿರ, ಕಾಸರಗೋಡು ಜಿಲ್ಲೆ
ವಿಷಯ: ಡಿಸೆಬಿಲಿಟಿ (ಅಂಗವೈಕಲ್ಯದ) ಪೆನ್ಶನ್ ಅಪೀಲಿಗೆಂದು 18,000 ರೂಪಾಯಿ ತೆಗೆದುಕೊಂಡು ಅಪೀಲೇ ಹಾಕದೆ ಇದ್ದದ್ದು

ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ. ಈ ಪತ್ರ ಸಿಕ್ಕಿದ ಮೇಲೆ ದಯವಿಟ್ಟು ಫೋನ್ ಮಾಡಬೇಡಿ. ನನಗೆ ಕಿವಿ ಕೇಳುವುದಿಲ್ಲ. ಅದಕ್ಕೇ ಅಲ್ವಾ ನಾನು ನಿಮ್ಮ ಹತ್ತಿರ ಬಂದದ್ದು?

ನಾನು 1999ರಲ್ಲಿ ಆರ್ಟಿಲರಿಗೆ, ಎಂದರೆ ಸೇನೆಯ ತೋಪಿನ ಪಡೆಗೆ, ಸೇರಿದವನು. ನಾಸಿಕ್ ರೋಡ್ ಕ್ಯಾಂಪಿನಲ್ಲಿ ಟ್ರೇನಿಂಗ್, ಆಮೇಲೆ ತೋಪಿನ ಪಕ್ಕದಲ್ಲೇ, ಒಟ್ಟು 24 ವರ್ಷ. ಫೈರಿಂಗ್ ಇದ್ದ ದಿನ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದೆವು, ಆದರೆ ಆರ್ಡರ್ ಕೇಳಬೇಕಲ್ಲ, ಒಂದು ಕಿವಿಯ ಹತ್ತಿ ತೆಗೆದೇ ಇರುತ್ತಿತ್ತು. ಸೇರುವಾಗ ನಾನು ಶೇಪ್ ಒನ್. ಎಂದರೆ ಕಣ್ಣು, ಕಿವಿ, ಕೈಕಾಲು ಎಲ್ಲ ಸರಿ ಅಂತ ಮಿಲಿಟರಿ ಡಾಕ್ಟರರೇ ಬರೆದುಕೊಟ್ಟದ್ದು. ಕೊನೆಯ ವರ್ಷಗಳಲ್ಲಿ ಎಚ್ ಟು ಆಯಿತು, ಎಂದರೆ ಕಿವಿ ಮಂದ, ಲೋ ಮೆಡಿಕಲ್ ಕೆಟಗರಿ. ಈಗ ಊರಿನಲ್ಲಿ ಯಕ್ಷಗಾನಕ್ಕೆ ಹೋದರೆ ಚೆಂಡೆ ಕೇಳುತ್ತದೆ, ಅರ್ಥಗಾರಿಕೆ ಕೇಳುವುದಿಲ್ಲ. ವೇಷದವರ ಬಾಯಿ ನೋಡಿಕೊಂಡು ಕೂರುವುದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಕಿವಿಯೊಳಗೆ ಜೀರುಂಡೆ ಶುರು ಮಾಡುತ್ತದೆ, ಬೆಳಗಿನವರೆಗೆ ನಿಲ್ಲುವುದಿಲ್ಲ.

2023ರ ಏಪ್ರಿಲ್‌ನಲ್ಲಿ ನಿವೃತ್ತಿ. ರಿಲೀಸ್ ಮೆಡಿಕಲ್ ಬೋರ್ಡ್, ಎಂದರೆ ಸೇವೆ ಬಿಡುವಾಗ ತಪಾಸಣೆ ಮಾಡುವ ಮಿಲಿಟರಿ ಡಾಕ್ಟರರ ಮಂಡಳಿ, ನನ್ನ ಕಿವಿಗೆ ಶೇ. 20 ಅಂಗವೈಕಲ್ಯ, ಜೀವನಪೂರ್ತಿ ಅಂತ ಬರೆಯಿತು. ಆದರೆ ಅದರ ಕೆಳಗೇ, ಇದು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಜಾಸ್ತಿ ಆದದ್ದೂ ಅಲ್ಲ ಅಂತ ಒಂದು ಸಾಲು. ಆ ಒಂದು ಸಾಲಿಗೆ ಡಿಸೆಬಿಲಿಟಿ ಪೆನ್ಶನ್ ಹೋಯಿತು. ತಿರಸ್ಕಾರದ ಪತ್ರ ಕೈಗೆ ಬಂದದ್ದು 2024ರ ಜನವರಿಯಲ್ಲಿ. ಆರು ತಿಂಗಳ ಒಳಗೆ ಮೊದಲ ಅಪೀಲು ಹಾಕಬಹುದು ಎಂದು ಅದರಲ್ಲೇ ಇತ್ತು.

ಆ ಹೊತ್ತಿಗೆ ನಿಮ್ಮ ಜಾಹೀರಾತು ಮೊಬೈಲಿನಲ್ಲಿ ಕಂಡಿತು. ಒಳ್ಳೆ ಕನ್ನಡದಲ್ಲಿತ್ತು, ಸುಳ್ಳು ಹೇಳುವುದಿಲ್ಲ. "ಮಾಜಿ ಸೈನಿಕರೇ, ನಿಮ್ಮ ಹಕ್ಕು ನಮ್ಮ ಹೊಣೆ." ಫೆಬ್ರವರಿಯಲ್ಲಿ ನಿಮ್ಮ ಏಜೆಂಟ್ ಮನೆಗೇ ಬಂದು, ಚಾವಡಿಯಲ್ಲಿ ಕೂತು, ಎರಡು ಗ್ಲಾಸ್ ಮಜ್ಜಿಗೆ ಕುಡಿದು, 18,000 ರೂಪಾಯಿ ಕಟ್ಟಿಸಿಕೊಂಡರು. ಪೆನ್ಶನ್ ಬಾಕಿ ಸಿಕ್ಕಿದರೆ ಅದರಲ್ಲಿ ಶೇ. 20 ನಿಮಗೆ ಎನ್ನುವ ಕರಾರಿಗೆ ಸಹಿ ಹಾಕಿಸಿದರು. ಜಾಹೀರಾತು ಕನ್ನಡ, ಕರಾರು ಮಲಯಾಳ. ನಾನು ಕನ್ನಡ ಮೀಡಿಯಂನಲ್ಲಿ ಓದಿದವನು. ಮಲಯಾಳ ಮಾತಾಡುತ್ತೇನೆ, ಬಸ್ಸಿನ ಬೋರ್ಡ್ ಓದುತ್ತೇನೆ, ನಾಲ್ಕು ಪುಟದ ಕರಾರು ಓದಿ ಅರ್ಥ ಮಾಡಿಕೊಳ್ಳುವಷ್ಟು ಬರುವುದಿಲ್ಲ. ಕೇಳಿದ್ದಕ್ಕೆ ಅವರು "ಏನಿಲ್ಲ ಸಾರ್, ಮಾಮೂಲಿ ಫಾರಂ" ಎಂದರು. ನನ್ನ ಹೆಂಡತಿ ಆವಾಗಲೇ ಕಣ್ಣು ಬಿಟ್ಟು ನೋಡಿದಳು. ಅವಳ ಮಾತು ಕೇಳಬೇಕಿತ್ತು.

ಇನ್ನು ನಿಮ್ಮ ಕೆಲಸದ ಚಂದ ನೋಡಿ.

ಏಪ್ರಿಲ್‌ನಲ್ಲಿ ಅಪೀಲಿನ ಕರಡು ಕಳಿಸಿದಿರಿ. ಅದರಲ್ಲಿ ನಾನು ಸಿಗ್ನಲ್ಸ್‌ನವನು, ಎಂದರೆ ಸೇನೆಯ ಸಂಪರ್ಕ ವಿಭಾಗದವನು. ನನಗೆ ಬಿ.ಪಿ. ಇದೆ, ಎತ್ತರದ ಜಾಗದಲ್ಲಿ ಡ್ಯೂಟಿ ಮಾಡಿ ಜಾಸ್ತಿ ಆಯಿತು. ಕಿವಿಯ ಸುದ್ದಿಯೇ ಇಲ್ಲ! ಯಾರದೋ ಫೈಲು ತೆಗೆದು ಹೆಸರು ಮಾತ್ರ ಬದಲಿಸಿದ್ದೀರಿ, ಅದೂ ಮೂರನೇ ಪುಟದಲ್ಲಿ ಆ ಪುಣ್ಯಾತ್ಮರ ನಂಬರ್ ಹಾಗೆಯೇ ಉಳಿದಿತ್ತು. ನನ್ನ ಆಡಿಯೋಗ್ರಾಮ್, ಕಿವಿ ಪರೀಕ್ಷೆಯ ಗೆರೆ ಚಿತ್ರ, ನಿಮ್ಮ ಹತ್ತಿರ ಇತ್ತಲ್ಲ, ಒಮ್ಮೆ ಬಿಡಿಸಿ ನೋಡಿದ್ದರೆ ಸಾಕಿತ್ತು. 4000 ಹರ್ಟ್ಸ್ ಹತ್ತಿರ ಗೆರೆ ಹೊಂಡಕ್ಕೆ ಬಿದ್ದ ಹಾಗೆ ಇಳಿದು ಮತ್ತೆ ಮೇಲೆ ಬರುತ್ತದೆ. ದೊಡ್ಡ ಸದ್ದಿನಿಂದ ಹಾಳಾದ ಕಿವಿಯಲ್ಲಿ ಸಾಮಾನ್ಯವಾಗಿ ಹೀಗೇ ಇರುತ್ತದೆ ಎಂದು ನನಗೆ ಕಿವಿ ಡಾಕ್ಟರರು ಪೆನ್ನಿನಲ್ಲಿ ತೋರಿಸಿ ಹೇಳಿದ್ದಾರೆ. ನನ್ನ ಅಪೀಲಿನ ಜೀವ ಇದ್ದದ್ದೇ ಆ ಹೊಂಡದಲ್ಲಿ.

ಕರಡಿನಲ್ಲಿ ಸರಿಯಾಗಿ ಇದ್ದದ್ದು ಒಂದೇ, 2013ರ ಧರಮ್‌ವೀರ್ ಸಿಂಗ್ ತೀರ್ಪಿನ ಹೆಸರು. ಅದೂ ಹೆಸರು ಮಾತ್ರ. ಸೇರುವಾಗ ದಾಖಲೆಯಲ್ಲಿ ಇಲ್ಲದ ಕಾಯಿಲೆ ಆಮೇಲೆ ಬಂದರೆ ಅದು ಸೇವೆಯಿಂದ ಬಂದದ್ದು ಎಂದೇ ತಿಳಿಯಬೇಕು, ಅಲ್ಲ ಎನ್ನುವ ಬೋರ್ಡ್ ಕಾರಣ ಬರೆಯಬೇಕು ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ. ನನ್ನ ಬೋರ್ಡ್ ಕಾರಣ ಬರೆಯಲೇ ಇಲ್ಲ. ಇದನ್ನು ನೀವು ಬರೆಯಬೇಕಿತ್ತು. ನಾನು ಈಗ ನಿಮಗೆ ಬರೆಯುತ್ತಿದ್ದೇನೆ.

ತಪ್ಪುಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕರಡು ವಾಪಸ್ ಕಳಿಸಿದೆ. ಮೇಲ್ಗಡೆ ದಪ್ಪ ಅಕ್ಷರದಲ್ಲಿ "ಕಿವಿ ಕೇಳುವುದಿಲ್ಲ, ಏನಿದ್ದರೂ ಬರೆದು ತಿಳಿಸಿ" ಎಂದೂ ಬರೆದೆ. ನೀವು ಏನು ಮಾಡಿದಿರಿ? ಫೋನ್ ಮಾಡಿದಿರಿ. ಒಂದಲ್ಲ, ಹನ್ನೊಂದು ಸಲ. ನಾನು ಎತ್ತಿದರೆ ಆಚೆ ಕಡೆ ಗುಂಯ್ ಎನ್ನುವುದು ಬಿಟ್ಟರೆ ಏನೂ ಇಲ್ಲ, ಒಂದು ಸಲ ಹೆಂಡತಿಯ ಕೈಗೆ ಕೊಟ್ಟೆ, "ಪೆನ್ಶನರ್ ಹತ್ತಿರವೇ ಮಾತಾಡಬೇಕು, ರೂಲ್ಸ್" ಎಂದು ಇಟ್ಟುಬಿಟ್ಟರಂತೆ. ಆಮೇಲೆ ಅಳಿಯ ನಿಮ್ಮ ಆ್ಯಪ್ ತೆರೆದು ತೋರಿಸಿದ. ನನ್ನ ಹೆಸರಿನ ಮುಂದೆ ಹೀಗಿತ್ತು: "ಗ್ರಾಹಕರು ಸ್ಪಂದಿಸುತ್ತಿಲ್ಲ. ಕೇಸ್ ಮುಕ್ತಾಯ."

ಅಲ್ಲ ಮಾರಾಯ್ರೆ, ಕಿವಿ ಕೇಳುವುದಿಲ್ಲ ಎನ್ನುವುದೇ ಕೇಸು!

ಅಳಿಯ ಜಗಳ ಮಾಡಿದ ಮೇಲೆ ಕೇಸ್ ಮತ್ತೆ ತೆರೆದು, ಜೂನ್‌ನಲ್ಲಿ ಅಪೀಲು ಸ್ಪೀಡ್ ಪೋಸ್ಟ್ ಮಾಡಿದ್ದೇವೆ ಅಂತ ಒಂದು ನಂಬರ್ ಕೊಟ್ಟಿರಿ. ನಂಬಿದೆ. ಒಂದು ವರ್ಷ ಸುಮ್ನೆ ಕೂತೆ. ಯಾಕೋ ಅನುಮಾನ ಬಂದು 2025ರಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಅಪೀಲು ಹೋಗಬೇಕಾದ ಸೇನಾ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಕೇಳಿದೆ. ನನ್ನ ಹೆಸರಿನಲ್ಲಿ ಯಾವ ಅಪೀಲೂ ಬಂದಿಲ್ಲ ಎಂದು ಉತ್ತರ ಬಂತು. 18,000 ರೂಪಾಯಿಗೆ ಆಗದ ಕೆಲಸ ಹತ್ತು ರೂಪಾಯಿಗೆ ಆಯಿತು.

ನನಗೆ ಎಷ್ಟು ನಷ್ಟ ಅಂತ ನಿಮಗೆ ಗೊತ್ತಿರಬೇಕು, ಏಜೆಂಟರೇ ಚಾವಡಿಯಲ್ಲಿ ಲೆಕ್ಕ ಹಾಕಿ ಆಸೆ ಹುಟ್ಟಿಸಿದ್ದು. ಶೇ. 20ರಿಂದ 49ರವರೆಗಿನ ಅಂಗವೈಕಲ್ಯವನ್ನು 50 ಎಂದು ಹಿಡಿಯುತ್ತಾರೆ. ಅವಧಿ ಮುಗಿಸಿ ಬಂದವರಿಗೂ ಇದು ಸಿಗಬೇಕು ಎಂದು 2014ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ರಾಮ್ ಅವತಾರ್ ತೀರ್ಪು ಬಂದಿದೆ. ಪೂರ್ತಿ ನೂರಕ್ಕೆ ಕೊನೆಯ ಸಂಬಳದ ಶೇ. 30 ಆದರೆ ಐವತ್ತಕ್ಕೆ ಶೇ. 15. ನನ್ನ ಲೆಕ್ಕದ ಸಂಬಳ ಮಿಲಿಟರಿ ಸರ್ವಿಸ್ ಪೇ ಸೇರಿ ಸುಮಾರು 46,000. ತಿಂಗಳಿಗೆ 6,900 ಆಯಿತು, ತುಟ್ಟಿಭತ್ಯೆ ಬೇರೆ. ಅಡಿಕೆಗೆ ಕೊಳೆರೋಗ ಬಂದ ವರ್ಷ ನಮ್ಮ ಮನೆಗೆ ಅದು ಸಣ್ಣ ಹಣ ಅಲ್ಲ.

ನಿಮ್ಮ ಆ ಶೇ. 20 ಪಾಲಿನ ಕರಾರಿನ ಬಗ್ಗೆಯೂ ವಿಚಾರಿಸಿದೆ. ಪೆನ್ಶನ್ ಕಾಯ್ದೆ 1871ರದ್ದು, ಬ್ರಿಟಿಷರ ಕಾಲದ್ದು. ಅದರ 12ನೇ ಸೆಕ್ಷನ್ ಪ್ರಕಾರ, ಇನ್ನೂ ಕೈಗೆ ಬರಬೇಕಾದ ಪೆನ್ಶನನ್ನು ಬೇರೆಯವರಿಗೆ ಬರೆದುಕೊಡುವ ಕರಾರಿಗೆ ಬೆಲೆಯೇ ಇಲ್ಲ. ವಕೀಲರೂ ಗೆದ್ದ ಹಣದಲ್ಲಿ ಪಾಲು ಕೇಳುವಂತಿಲ್ಲ. ನೀವು ಯಾವ ಲೆಕ್ಕದಲ್ಲಿ ಕೇಳಿದಿರೋ!

ನನ್ನದೂ ತಪ್ಪು ಉಂಟು. ಕಾಸರಗೋಡಿನಲ್ಲಿ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಇದೆ, ನಮ್ಮಂಥವರಿಗೆ ದಾರಿ ತೋರಿಸಲಿಕ್ಕೇ ಇರುವುದು. ಅಲ್ಲಿಗೆ ಹೋಗಿ ಪ್ರತಿಯೊಂದಕ್ಕೂ "ಏನು? ಏನು?" ಅಂತ ಕೇಳಲು ನಾಚಿಕೆ ಆಯಿತು. ನಿಮ್ಮದು ಮನೆ ಬಾಗಿಲಿಗೆ ಬರುವ ಸೇವೆ, ಹಾಗಾಗಿ ಬಿದ್ದೆ.

ಈಗ ನನಗೆ ಬೇಕಾದದ್ದು ಇಷ್ಟು. ಕಟ್ಟಿದ 18,000 ರೂಪಾಯಿ ಪೂರ್ತಿ ವಾಪಸ್ ಬರಬೇಕು. ಮೆಡಿಕಲ್ ಬೋರ್ಡಿನ ಪ್ರತಿ, ಆಡಿಯೋಗ್ರಾಮ್, ತಿರಸ್ಕಾರದ ಪತ್ರ ಮೂರೂ ಒರಿಜಿನಲ್ ನಿಮ್ಮಲ್ಲಿವೆ, ಅವು ಬರಬೇಕು. ಕರಾರು ರದ್ದು ಎಂದು ಬರೆದುಕೊಡಬೇಕು. ಎಲ್ಲಕ್ಕಿಂತ ಮುಖ್ಯ, ಅಪೀಲು ತಡವಾದದ್ದು ನಿಮ್ಮಿಂದ ಎಂದು ನಿಮ್ಮ ಲೆಟರ್‌ಹೆಡ್‌ನಲ್ಲಿ ಸಹಿ, ಸೀಲು ಹಾಕಿ ಕೊಡಬೇಕು. ಅವಧಿ ಮೀರಿದ ಅಪೀಲನ್ನು ತೆಗೆದುಕೊಳ್ಳಿ ಎಂದು ಕೇಳುವಾಗ, ಕೊಚ್ಚಿಯ ಸೇನಾ ನ್ಯಾಯಮಂಡಳಿಗೆ ಹೋಗಬೇಕಾಗಿ ಬಂದರೆ ಅಲ್ಲಿ ಕೂಡ, ತಡಕ್ಕೆ ಕಾರಣ ತೋರಿಸಲು ನನಗೆ ಆ ಕಾಗದ ಬೇಕು. ಹಣ ಹತ್ತು ದಿನ ತಡವಾದರೂ ಸೈ, ಆ ಕಾಗದ ತಡವಾಗಬಾರದು.

15 ದಿನ ಕಾಯುತ್ತೇನೆ. ಆಮೇಲೆ ಕಾಸರಗೋಡಿನ ಗ್ರಾಹಕರ ಆಯೋಗ. 2019ರ ಗ್ರಾಹಕರ ಕಾಯ್ದೆಯಲ್ಲಿ ನಾನು ಇರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, ನಿಮ್ಮ ಆಫೀಸ್ ಇರುವ ಊರಿಗೆ ಬರಬೇಕಾಗಿಲ್ಲ. ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಫೀಸೂ ಇಲ್ಲ. ಕೆಂಪು ಶಾಯಿಯ ಕರಡಿನ ಜೆರಾಕ್ಸ್, ಆ್ಯಪಿನ ಫೋಟೋ, ಮಾಹಿತಿ ಹಕ್ಕಿನ ಉತ್ತರ ಎಲ್ಲ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ.

ಉತ್ತರವನ್ನು ಕನ್ನಡದಲ್ಲಿ ಬರೆಯಿರಿ. ಜಾಹೀರಾತು ಬರೆದವರು ನಿಮ್ಮಲ್ಲೇ ಇದ್ದಾರಲ್ಲ, ಅವರ ಕೈಯಲ್ಲೇ ಬರೆಸಿ. ಸ್ಪೀಡ್ ಪೋಸ್ಟ್ ಮಾಡಿ, ಈ ಸಲ ನಿಜವಾಗಿ. ನಮ್ಮ ಪೋಸ್ಟ್‌ಮ್ಯಾನ್ ಹನ್ನೊಂದು ಗಂಟೆಗೆ ಬರುತ್ತಾರೆ. ಅವರು ಗೇಟಿನಲ್ಲಿ ಬೆಲ್ ಹೊಡೆದರೆ ನನಗೆ ಕೇಳುವುದಿಲ್ಲ, ಆ ಹೊತ್ತಿಗೆ ಅಂಗಳದಲ್ಲೇ ಇರುತ್ತೇನೆ.

ಇತಿ,
ನಿಮ್ಮ ಆ್ಯಪಿನಲ್ಲಿ "ಸ್ಪಂದಿಸದ" ಗ್ರಾಹಕ