ಕುಮಾರ ಪರ್ವತದ ದಾರಿಗೆ ನೀರಿನ ಕಣಿ ತೆಗೆಯುವವರು ಯಾರು?

ಮಾನ್ಯ ಸಂಪಾದಕರೇ,

ನಾನು ಕುಕ್ಕೆ ಸುಬ್ರಹ್ಮಣ್ಯದ ಹತ್ತಿರದ ಒಬ್ಬ ಅಡಿಕೆ ಕೃಷಿಕ. ಕುಮಾರ ಪರ್ವತ ಹತ್ತುವವರು ನಮ್ಮ ತೋಟದ ಬದಿಯಲ್ಲೇ ಹೋಗುತ್ತಾರೆ. ಸೀಸನ್ ಶುರುವಾದರೆ ಸಾಕು, ಬೆಳಗಾಗುವ ಹೊತ್ತಿಗೆ ನಾಯಿ ಬೊಗಳಲು ಶುರು. "ಅಂಕಲ್, ಇನ್ನೂ ಎಷ್ಟು ದೂರ?" ಅಂತ ಕೇಳುತ್ತಾರೆ. ಇನ್ನೂ ಕಾಡೇ ಹೊಕ್ಕಿಲ್ಲ, ಆಗಲೇ ದೂರದ ಚಿಂತೆ!

2024ರ ಜನವರಿ 26ರ ರಜೆಯಲ್ಲಿ ಇಲ್ಲಿ ಸೇರಿದ್ದ ಜನಜಾತ್ರೆಯ ಫೋಟೊ ಎಲ್ಲರ ಮೊಬೈಲಿಗೂ ಬಂದಿತ್ತು. ಆಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ಬುಕಿಂಗ್ ಜಾಲತಾಣ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಅಂತಾಯಿತು. ಒಳ್ಳೆಯದೇ ಆಯಿತು. ಜನರ ಲೆಕ್ಕವೇನೋ ಸಿಕ್ಕಿತು. ದಾರಿಯನ್ನು ನೋಡಿಕೊಳ್ಳುವವರು ಮಾತ್ರ ಇನ್ನೂ ಸಿಕ್ಕಿಲ್ಲ.

ದಾರಿಯ ನಡುವೆ ಸಿಗುವ ಗಿರಿಗದ್ದೆಗೆ ಏರುವ ಕಾಡಿನಲ್ಲಿ ಒಮ್ಮೆ ತಲೆ ತಗ್ಗಿಸಿ ನಡೆದು ನೋಡಿ. ನಮ್ಮ ಮಳೆ ಗೊತ್ತಲ್ಲ? ಆ ನೀರೆಲ್ಲ ಕಾಲುದಾರಿಯಲ್ಲೇ ಇಳಿಯುತ್ತದೆ. ಮಣ್ಣು ಹೋಗಿ ಮರದ ಬೇರುಗಳು ಏಣಿ ಮೆಟ್ಟಿಲಿನ ಹಾಗೆ ಎದ್ದಿವೆ. ಕೆಲವು ಕಡೆ ಮೊಣಕಾಲುದ್ದದ ಹೊಂಡ. ಜನ ಹೊಂಡಕ್ಕೆ ಇಳಿಯದೆ ಬದಿಯಲ್ಲಿ ಹೋಗುತ್ತಾರೆ. ಮುಂದಿನ ವರ್ಷ ಆ ಬದಿಯೂ ಕೊರೆಯುತ್ತದೆ. ಹೀಗೆ ಒಂದಿದ್ದ ದಾರಿ ಮೂರಾಗಿದೆ.

ಇದಕ್ಕೆ ಸಿಮೆಂಟ್ ಬೇಡ. ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಒಂದು ಸಾಲು ಕಲ್ಲು ಹೂತು, ನೀರು ಬದಿಗೆ ಹೋಗಲು ಸಣ್ಣ ಕಣಿ ತೆಗೆದರೆ ಸಾಕು. ಕಣಿಯ ಬಾಯಿಯಲ್ಲಿ ತರಗೆಲೆ ಕಟ್ಟದ ಹಾಗೆ ಆಗಾಗ ನೋಡಿಕೊಳ್ಳಬೇಕು ಅಷ್ಟೆ. ತೋಟ ಇರುವ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ನಾವು ಮೂರು ಜನ ಒಂದು ದಿನ ಹಾರೆ, ಗುದ್ದಲಿ ಹಿಡಿದು ಹೋಗಿದ್ದೆವು. ನಾಲ್ಕು ಕಲ್ಲು ಇಟ್ಟಿರಲಿಲ್ಲ, "ಪರ್ಮಿಶನ್ ಇಲ್ಲದೆ ಏನೂ ಮುಟ್ಟಬೇಡಿ" ಅಂತ ಅರಣ್ಯದವರು ವಾಪಸ್ ಕಳಿಸಿದರು. ಹೇಳಿದವರದೂ ತಪ್ಪಲ್ಲ, ಕಾನೂನೇ ಹಾಗಿದೆ. ಆದರೆ ಪರ್ಮಿಶನ್ ಕೇಳಿ ಕೊಟ್ಟ ಅರ್ಜಿಗೆ ಎರಡು ಮಳೆಗಾಲ ಕಳೆದರೂ ಉತ್ತರ ಬಂದಿಲ್ಲ.

ಇನ್ನೊಂದು ತೊಡಕಿದೆ. 1,712 ಮೀಟರ್ ಎತ್ತರದ ಈ ಬೆಟ್ಟಕ್ಕೆ ನಮ್ಮ ಕಡೆಯಿಂದ ಒಂದು ದಾರಿ, ಸೋಮವಾರಪೇಟೆ ತಾಲೂಕಿನ ಬೀದಳ್ಳಿ ಕಡೆಯಿಂದ ಇನ್ನೊಂದು. ನಮ್ಮದು ದಕ್ಷಿಣ ಕನ್ನಡ, ಅವರದು ಕೊಡಗು. ತುದಿ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ. ನಾವು ಕುಮಾರ ಪರ್ವತ ಅಂದರೆ ಅವರು ಪುಷ್ಪಗಿರಿ ಅನ್ನುತ್ತಾರೆ. ಹೆಸರು ಎರಡಿರಲಿ ಬಿಡಿ, ಆದರೆ ಎರಡು ಕಡೆಯವರು ಒಟ್ಟಿಗೆ ಕೂತು ಮಾತಾಡಿದ್ದನ್ನು ನಾನಂತೂ ಕಂಡಿಲ್ಲ. ಇಲ್ಲಿ ಹತ್ತಿದವನು ಅಲ್ಲಿ ಇಳಿಯುತ್ತಾನೆ, ಇಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ ಅಲ್ಲಿ ಬಿಸಾಡುತ್ತಾನೆ. ಕಳೆದ ಸಲ ಕಲ್ಲುಮಂಟಪದ ಹತ್ತಿರ ನನಗೆ ಸಿಕ್ಕಿದ್ದು ಒಂದು ಬೂಟಿನ ಅಟ್ಟೆ, ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ದಾರ. ಪಾಪ, ಆ ಪುಣ್ಯಾತ್ಮ ಕೆಳಗೆ ಹೇಗೆ ಇಳಿದನೋ!

ಹೊಸ ಇಲಾಖೆ ಮಾಡಿ ಅಂತ ನಾನು ಕೇಳುತ್ತಿಲ್ಲ. ಊರವರೂ ಅರಣ್ಯ ಇಲಾಖೆಯೂ ಸೇರಿ ಕಾಡು ನೋಡಿಕೊಳ್ಳುವ ಗ್ರಾಮ ಅರಣ್ಯ ಸಮಿತಿ ಎಂಬ ವ್ಯವಸ್ಥೆ 1993ರಿಂದಲೂ ರಾಜ್ಯದಲ್ಲಿದೆ. ಅದೇ ಮಾದರಿಯಲ್ಲಿ ಎರಡೂ ಬದಿಗೆ ಸೇರಿ ಒಂದು ದಾರಿ ಸಮಿತಿ ಮಾಡಬಹುದಲ್ವಾ? ಎರಡು ಕಡೆಯ ಅರಣ್ಯದವರು, ಪಂಚಾಯಿತಿಯವರು, ಹೋಂಸ್ಟೇಯವರು, ಜೀಪು ಓಡಿಸುವವರು, ಬೆಂಗಳೂರು ಮಂಗಳೂರಿನ ಚಾರಣ ಗುಂಪಿನವರು, ಎಲ್ಲರೂ ಇರಲಿ. ಟಿಕೆಟ್ ದುಡ್ಡಿನಲ್ಲಿ ಒಂದು ಪಾಲು ಈ ದಾರಿಗೇ ಅಂತ ಮೀಸಲಿರಲಿ. ಊರಿನ ಹುಡುಗರಿಗೆ ಕೂಲಿ ಕೊಟ್ಟು ಕಣಿ ತೆಗೆಸಲಿ, ಬೇಸಿಗೆಗೆ ಮೊದಲು ಕಾಡ್ಗಿಚ್ಚು ಹರಡದ ಹಾಗೆ ಬೆಂಕಿ ರೇಖೆ ಮಾಡಿಸಲಿ. ಚಾರಣ ಗುಂಪಿನವರು ವರ್ಷಕ್ಕೆ ಎರಡು ದಿನ ಬ್ಯಾಗಿನ ಬದಲು ಕಲ್ಲು ಹೊರಲಿ. ಗಿರಿಗದ್ದೆಯಲ್ಲಿ ಒಂದೇ ಮನೆಯವರು ಎಷ್ಟೋ ವರ್ಷ ಹಸಿದು ಬಂದವರಿಗೆ ಅನ್ನ, ಸಾಂಬಾರು, ಮಜ್ಜಿಗೆ ಬಡಿಸಿದ್ದಾರೆ. ಅವರಿಗೆ ಯಾವ ಯೋಜನೆಯ ನೆರವಿತ್ತು?

ಸಭೆ ಕರೆಯುವುದಾದರೆ ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಕರೆಯಿರಿ. ಆಗ ಮಳೆ ಸ್ವಲ್ಪ ಬಿಟ್ಟಿರುತ್ತದೆ, ದಾರಿ ಎಲ್ಲೆಲ್ಲಿ ಕೊಚ್ಚಿದೆ ಎಂಬುದೂ ಕಣ್ಣಿಗೇ ಕಾಣುತ್ತದೆ. ನಮ್ಮದು ಅಡಿಕೆಗೆ ಎರಡನೇ ಸಲ ಕೊಳೆರೋಗದ ಮದ್ದು ಬಿಟ್ಟು ಮುಗಿದಿರುತ್ತದೆ, ಅಡಿಕೆ ಕೊಯ್ಲು ಶುರುವಾಗಿರುವುದಿಲ್ಲ. ಬೀದಳ್ಳಿ ಕಡೆಯವರಿಗೂ ಕಾಫಿ ಕೊಯ್ಲಿಗೆ ಇನ್ನೂ ದಿನ ಇರುತ್ತದೆ. ಕೊಯ್ಲು ಶುರುವಾದ ಮೇಲೆ ಕರೆದರೆ ಎರಡು ಕಡೆಯಿಂದಲೂ ಯಾರೂ ಬರುವುದಿಲ್ಲ, ಈಗಲೇ ಹೇಳಿದ್ದೇನೆ.

ಇಂತಿ,
ಒಬ್ಬ ಅಡಿಕೆ ಕೃಷಿಕ
ಸುಬ್ರಹ್ಮಣ್ಯ, ಕಡಬ ತಾಲೂಕು