ದೇವಳಾಲಿಯ ಲೆಕ್ಕದ ಮೇಷ್ಟ್ರು

ಪ್ರೀತಿಯ ಗೆಳೆಯಾ,

ನಿನ್ನ ಏಳನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ ಅಂದರೆ ಭಯ, ಬರೀ ಕಳೆಯುವ ಲೆಕ್ಕ ಕೊಟ್ಟರೂ ಮುಖ ಸಪ್ಪೆ ಮಾಡುತ್ತಾರೆ ಅಂತ ಬರೆದಿದ್ದೆ. ಓದಿದ ಕೂಡಲೇ ನನಗೆ ಕಾಪ್ರೇಕರ್ ಮೇಷ್ಟ್ರು ನೆನಪಾದರು. ಕೂಡುವುದು ಕಳೆಯುವುದರಲ್ಲೇ ಬದುಕಿನ ಖುಷಿಯನ್ನೆಲ್ಲ ಕಂಡವರು ಅವರು. ಅವರ ಬಗ್ಗೆ ನಿನಗೆ ಹೇಳಲೇಬೇಕು.

ಪೂರ್ತಿ ಹೆಸರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 1905ರ ಜನವರಿ 17ರಂದು ಮಹಾರಾಷ್ಟ್ರದ ದಹಾಣುವಿನಲ್ಲಿ ಹುಟ್ಟಿದರು. ಎಂಟು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡರು. ತಂದೆ ಗುಮಾಸ್ತರು, ಜ್ಯೋತಿಷ್ಯದ ಹುಚ್ಚಿದ್ದವರು. ಮಗನಿಗೂ ಅದನ್ನು ಕಲಿಸಿದರು. ಜಾತಕ ಹಾಕಬೇಕಾದರೆ ಲೆಕ್ಕ ಬೇಕಲ್ಲ, ಹುಡುಗನಿಗೆ ಹಿಡಿಸಿದ್ದು ಆ ಲೆಕ್ಕವೇ. ಮುಂದೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದುವಾಗ, 1927ರಲ್ಲಿ, ರ್‍ಯಾಂಗ್ಲರ್ ಪರಾಂಜಪೆ ಹೆಸರಿನ ಗಣಿತದ ಬಹುಮಾನವೂ ಬಂತು. 1929ರಲ್ಲಿ ಬಿ.ಎಸ್ಸಿ. ಮುಗಿಯಿತು. ಅದಾದ ಮೇಲೆ ಯಾವ ಡಿಗ್ರಿಯನ್ನೂ ಅವರು ಮಾಡಲಿಲ್ಲ. 1930ರಿಂದ 1962ರವರೆಗೆ ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದರು.

ಈಗ ಒಂದು ಹಾಳೆ ತಗೋ. ಯಾವುದಾದರೂ ನಾಲ್ಕು ಅಂಕಿಯ ಸಂಖ್ಯೆ ಬರೆ. ನಾಲ್ಕೂ ಅಂಕಿ ಒಂದೇ ಆಗಿರಬಾರದು, ಅಷ್ಟೇ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸು. ಆಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆ. ಬಂದ ಉತ್ತರಕ್ಕೂ ಹೀಗೇ ಮಾಡು, ಮಾಡುತ್ತಾ ಹೋಗು.

ಮೇಷ್ಟ್ರು ಹುಟ್ಟಿದ ಇಸವಿಯನ್ನೇ ತಗೊಳ್ಳೋಣ, 1905. 9510ರಲ್ಲಿ 0159 ಕಳೆದರೆ 9351. 9531ರಲ್ಲಿ 1359 ಕಳೆದರೆ 8172. 8721ರಲ್ಲಿ 1278 ಕಳೆದರೆ 7443. ಅಲ್ಲಿಂದ 3996, 6264, 4176, ಕೊನೆಗೆ 6174. ಇನ್ನೊಂದು ಸಲ ಮಾಡು: 7641ರಲ್ಲಿ 1467 ಕಳೆದರೆ ಮತ್ತೆ 6174! ಇನ್ನು ಅಲ್ಲಿಂದ ಅದು ಕದಲುವುದಿಲ್ಲ. ನೀನು ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಯೊಳಗೆ ಇಲ್ಲಿಗೇ ಬರುತ್ತೀಯ. ಮೇಷ್ಟ್ರ ಇಸವಿಗೆ ಪೂರ್ತಿ ಏಳೂ ಬೇಕಾದವು ನೋಡು.

ಇದನ್ನು ಅವರು 1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ಹೇಳಿದರು. ಇವತ್ತು ಇದನ್ನು ಕಾಪ್ರೇಕರ್ ಸ್ಥಿರಾಂಕ ಅನ್ನುತ್ತಾರೆ.

ಯಾಕೆ ಹೀಗಾಗುತ್ತೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಅರ್ಧ ಉತ್ತರವನ್ನಂತೂ ಬೋರ್ಡಿನ ಮೇಲೆ ತೋರಿಸಬಹುದು. 9510 ಅಂತ ಜೋಡಿಸಿದೆವಲ್ಲ, ಅದರಲ್ಲಿ ಎರಡು ತುದಿಯ ಅಂಕಿಗಳ ವ್ಯತ್ಯಾಸ 9. ನಡುವಿನ ಎರಡರ ವ್ಯತ್ಯಾಸ 4. ಒಂಬತ್ತನ್ನು 999ರಿಂದ ಗುಣಿಸು, ನಾಲ್ಕನ್ನು 90ರಿಂದ ಗುಣಿಸು, ಎರಡನ್ನೂ ಕೂಡು. 9351! ಅಂದರೆ ಉತ್ತರ ನಿಂತಿರುವುದು ಈ ಎರಡು ವ್ಯತ್ಯಾಸಗಳ ಮೇಲೆ ಮಾತ್ರ. ಅಂಥ ಜೋಡಿಗಳು ಇರುವುದೇ 54. ಸಾವಿರಾರು ಸಂಖ್ಯೆಗಳು ಮೊದಲ ಕಳೆತಕ್ಕೇ 54ಕ್ಕೆ ಇಳಿದುಬಿಡುತ್ತವೆ. ಉಳಿದ 54ನ್ನು ಒಂದೊಂದಾಗಿ ಮಾಡಿ ನೋಡಿದರೆ ಎಲ್ಲವೂ 6174ಕ್ಕೇ ಹೋಗುತ್ತವೆ. ನಿನ್ನ ಕ್ಲಾಸಿನ ಮಕ್ಕಳು ಹಂಚಿಕೊಂಡರೆ ಒಂದೇ ಪೀರಿಯಡ್ಡಿನಲ್ಲಿ ಮುಗಿಯುತ್ತದೆ. ಕಾಪ್ರೇಕರ್ ಹೇಳಿದ್ದು ನಿಜ ಅಂತ ಅವರೇ ಸಾಧಿಸಿದಂತಾಯಿತು, ಅಲ್ವಾ?

ಸಂಖ್ಯೆಗಳಿಗೆ ಹೆಸರಿಡುವುದರಲ್ಲೂ ಅವರದೇ ದಾರಿ. 11, 111, 1111ರ ವರ್ಗ ಮಾಡಿದರೆ 121, 12321, 1234321 ಬರುತ್ತವಲ್ಲ. ಇಂಥವುಗಳ ವಿಚಾರ ಹೊಳೆದದ್ದು ಮುಂಬೈ ಹತ್ತಿರದ ಡೆಮ್ಲೊ ರೈಲು ನಿಲ್ದಾಣದಲ್ಲಿ, ಈಗದು ಡೊಂಬಿವ್ಲಿ. ಹಾಗಾಗಿ ಅವು ಡೆಮ್ಲೊ ಸಂಖ್ಯೆಗಳಾದವು. ತಮ್ಮ ಊರನ್ನೂ ಬಿಡಲಿಲ್ಲ. 21ಕ್ಕೆ ಅದರದೇ ಅಂಕಿಗಳನ್ನು ಕೂಡು: 24. 24ಕ್ಕೂ ಹಾಗೇ ಮಾಡು: 30. ಹೀಗೆ ಒಂದರಿಂದ ಒಂದು ಹುಟ್ಟುತ್ತದೆ. ಆದರೆ 20 ಯಾವ ಸಂಖ್ಯೆಯಿಂದಲೂ ಹುಟ್ಟುವುದಿಲ್ಲ. 31, 42, 53 ಕೂಡ ಹಾಗೇ. ಇವು ಸ್ವಯಂಭು ಸಂಖ್ಯೆಗಳು, ದೇವಳಾಲಿ ಸಂಖ್ಯೆಗಳು ಅಂತಲೂ ಕರೆದರು. ತನ್ನ ಅಂಕಿಗಳ ಮೊತ್ತದಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಗೆ ಹರ್ಷದ ಅಂತ ಹೆಸರಿಟ್ಟರು. ರಾಮಾನುಜನ್ ಹೆಸರಿನ ಜೊತೆ ಬರುವ 1729 ಕೂಡ ಹರ್ಷದವೇ, 19ರಿಂದ ಭಾಗಿಸಿ ನೋಡು. ಕಾಪ್ರೇಕರ್ ಸಂಖ್ಯೆ ಅನ್ನುವುದೇ ಬೇರೆ ಇದೆ. 45ರ ವರ್ಗ 2025. ಅದನ್ನು ನಡುವೆ ಮುರಿದು ಕೂಡಿದರೆ, 20ಕ್ಕೆ 25 ಸೇರಿಸಿದರೆ, ಮತ್ತೆ 45.

ಕುಡುಕನಿಗೆ ಹೆಂಡದ ಅಮಲು ಹೇಗೋ ತನಗೆ ಸಂಖ್ಯೆಗಳ ಅಮಲು ಹಾಗೆ ಅಂತ ಅವರೇ ಹೇಳಿಕೊಂಡಿದ್ದರು. ಆ ಕಾಲದ ಎಷ್ಟೋ ಗಣಿತಜ್ಞರಿಗೆ ಇದೆಲ್ಲ ಮಕ್ಕಳಾಟದಂತೆ ಕಂಡಿತು, ನಕ್ಕರು. ಬರೆದದ್ದರಲ್ಲಿ ಜಾಸ್ತಿ ಭಾಗ ಸಣ್ಣಪುಟ್ಟ ಪತ್ರಿಕೆಗಳಲ್ಲಿ ಬಂತು. ಕೆಲವನ್ನು ತಾವೇ ಪುಸ್ತಿಕೆ ಮಾಡಿ ಅಚ್ಚು ಹಾಕಿಸಿದರು. 1975ರ ಮಾರ್ಚ್‌ನಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಇವರ ಬಗ್ಗೆ ಬರೆದ ಮೇಲೆ ಹೊರದೇಶಗಳಿಗೆ ಹೆಸರು ಗೊತ್ತಾಯಿತು. ಆಗ ಅವರಿಗೆ ಎಪ್ಪತ್ತು ವರ್ಷ. ನಿವೃತ್ತಿಯಾದ ಮೇಲೆ ಪಿಂಚಣಿ ಸಾಲದೆ ಮನೆಪಾಠ ಹೇಳುತ್ತಿದ್ದರು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. 1986ರಲ್ಲಿ ತೀರಿಕೊಂಡರು.

ನಕ್ಕವರ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಕಂಡದ್ದು ದೊಡ್ಡ ಸಿದ್ಧಾಂತಗಳಲ್ಲ ಅನ್ನುವುದು ನಿಜವೇ. ಆದರೆ ಕಳೆಯಲು ಬರುವ ಹನ್ನೆರಡರ ಹುಡುಗಿಯೂ ನೇರವಾಗಿ ಒಳಗೆ ಬಂದು ಏನಾದರೂ ಹೊಸದನ್ನು ಕಾಣುವಂಥ ಗಣಿತ ಎಷ್ಟಿದೆ ಹೇಳು?

ಕ್ಲಾಸಿನಲ್ಲಿ ಮಾಡಿಸುವಾಗ ಒಂದು ಜಾಗ್ರತೆ. ಮಕ್ಕಳು ಮುಂದಿನ ಸೊನ್ನೆಯನ್ನು ಬಿಟ್ಟುಬಿಡುತ್ತಾರೆ. 2111ರಲ್ಲಿ 1112 ಕಳೆದರೆ 999 ಬರುತ್ತದೆ. ಅದನ್ನು 0999 ಅಂತಲೇ ಬರೆಸು, ಇಲ್ಲದಿದ್ದರೆ ಆಟ ಅಲ್ಲೇ ನಿಂತುಹೋಗುತ್ತದೆ. ನಾಲ್ಕು ಅಂಕಿ ಚೆನ್ನಾಗಿ ರೂಢಿಯಾದ ಮೇಲೆ ಐದು ಅಂಕಿ ಕೊಡು. 53955ರಿಂದ 59994 ಬರುತ್ತದೆ, 59994ರಿಂದ ಮತ್ತೆ 53955. ನಿಲ್ಲುವುದೇ ಇಲ್ಲ, ಸುಮ್ನೆ ಸುತ್ತುತ್ತಿರುತ್ತದೆ. ಅದನ್ನು ಮೊದಲೇ ಹೇಳಬೇಡ, ಅವರೇ ಹಿಡಿಯಲಿ.

ಮೂರು ಅಂಕಿಯದ್ದು ಎಲ್ಲಿ ಬಂದು ನಿಲ್ಲುತ್ತದೆ ಅಂತ ನಿನಗೂ ಹೇಳುವುದಿಲ್ಲ. ಇವತ್ತು ರಾತ್ರಿ ನೀನೇ ಮಾಡಿ ನೋಡಿ, ನನಗೆ ಬರೆ.

ಇಂತಿ,
ನಿನ್ನ ಗೆಳೆಯ