ಆಕ್ಸಿಮೀಟರ್ 98 ತೋರಿಸಿದರೆ ಸಾಕೇ?

ಮಾನ್ಯ ಸಂಪಾದಕರೇ,

ಸೋಮವಾರ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆಪರೇಷನ್‌ಗಳು ನಿಂತ ಸುದ್ದಿ ನಿನ್ನೆ ಬಂದಿದೆ. ಅರಿವಳಿಕೆ ಡಾಕ್ಟರ ‘ಹಠ’ವೇ ಕಾರಣ ಅಂತ ಬರೆದಿದ್ದೀರಿ. ‘ಬೆರಳಿಗೆ ಆಕ್ಸಿಮೀಟರ್ ಇರುತ್ತೆ, ಭಯ ಯಾಕೆ?’ ಎಂಬ ಅಧಿಕಾರಿಯ ಮಾತನ್ನೂ ಹಾಕಿದ್ದೀರಿ.

ಆ ದಿನದ ಪಟ್ಟಿಯಲ್ಲಿ ನಮ್ಮ ಅಮ್ಮ ಇದ್ದರು. ರಾತ್ರಿಯಿಂದ ಉಪವಾಸ, ಶುಗರ್ ಬೇರೆ. ನಾನು ಅಂಗಡಿ ಮುಚ್ಚಿ ಬಂದಿದ್ದೆ. ತಂಗಿ ರಜೆ ಹಾಕಿ ಬೆಂಗಳೂರಿನಿಂದ ಬಂದಿದ್ದಳು. ಮಧ್ಯಾಹ್ನ ‘ಇವತ್ತಾಗಲ್ಲ, ಮನೆಗೆ ಹೋಗಿ’ ಅಂದರು. ಸಿಟ್ಟು ಬರದೆ ಇರುತ್ತಾ? ಆದರೆ ನನ್ನ ಸಿಟ್ಟು ಆ ಡಾಕ್ಟರ ಮೇಲಲ್ಲ.

ಅವರು ಹೊರಗೆ ಬಂದು ನಮಗೆ ಬಿಡಿಸಿ ಹೇಳಿದರು. ಶನಿವಾರ ಯಾರೋ ಅರಿವಳಿಕೆ ಕೊಡುವ ಮೆಷಿನ್‌ನ ಆಕ್ಸಿಜನ್ ಆಫ್ ಮಾಡದೆ ಹೋಗಿದ್ದಾರೆ. ಭಾನುವಾರವೆಲ್ಲ ಒಣ ಗಾಳಿ ಹರಿದು, ರೋಗಿಯ ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೀರುವ ಸೋಡಾಲೈಮ್ ಒಣಗಿದೆ. ಅದರ ಬಣ್ಣ ನೋಡಿದರೆ ಒಣಗಿದ್ದು ಗೊತ್ತಾಗುವುದಿಲ್ಲ. ಒಣಗಿದ ಸೋಡಾಲೈಮ್ ಮೇಲೆ ಐಸೋಫ್ಲುರೇನ್, ಡೆಸ್‌ಫ್ಲುರೇನ್ ಎಂಬ ಅರಿವಳಿಕೆ ಅನಿಲಗಳು ಹಾದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟಬಹುದು. ಅದು ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಕ್ಸಿಜನ್‌ಗೆ ಜಾಗವೇ ಉಳಿಯುವುದಿಲ್ಲ. ಮತ್ತೆ ಬೆರಳಿನ ಆ ಆಕ್ಸಿಮೀಟರ್ ಕ್ಲಿಪ್? ಎರಡೇ ಬಗೆಯ ಬೆಳಕಿನಲ್ಲಿ ನೋಡುವ ಅದಕ್ಕೆ ಮೊನಾಕ್ಸೈಡ್ ಹಿಡಿದ ರಕ್ತವೂ ಆಕ್ಸಿಜನ್ ಇರುವ ರಕ್ತದ ಹಾಗೇ ಕಾಣುತ್ತದೆ. ಒಳಗೆ ಜೀವ ಒದ್ದಾಡುತ್ತಿದ್ದರೂ 98 ಅಂತಲೇ ತೋರಿಸಬಹುದು. ಈ ವಿಷ ಏರಿದರೆ ತಲೆನೋವು ಬರುತ್ತೆ, ಆದರೆ ಪ್ರಜ್ಞೆ ತಪ್ಪಿ ಮಲಗಿರುವ ರೋಗಿ ಅದನ್ನು ಹೇಳಲಾರರು, ಅಲ್ವಾ? ರಕ್ತ ತೆಗೆದು, ಮೊನಾಕ್ಸೈಡನ್ನು ಬೇರೆಯಾಗಿ ಅಳೆಯುವ ಕೋ-ಆಕ್ಸಿಮೀಟರ್‌ನಲ್ಲೇ ನೋಡಬೇಕು. ಅದು ನಮ್ಮಲ್ಲಿಲ್ಲ.

ಹೊಸ ಸೋಡಾಲೈಮ್ ತುಂಬಿದ್ದರೆ ಕೆಲಸ ಮುಂದುವರಿಯುತ್ತಿತ್ತು. ಸ್ಟೋರಿನಲ್ಲಿ ಒಂದು ಡಬ್ಬಿಯೂ ಇರಲಿಲ್ಲ. ಇಂಡೆಂಟ್ ಹೋಗಿದೆಯಂತೆ, ಮೇಲಿನಿಂದ ಬಂದಿಲ್ಲವಂತೆ. ಕಾಂಪೌಂಡಿಗೆ ಬಣ್ಣ ಬಳಿಯಲು ಮಾತ್ರ ದುಡ್ಡು ಬಂತು! ಕೋವಿಡ್ ಟೈಮಲ್ಲೂ ಇದೇ ಕಥೆ. ಆಕ್ಸಿಮೀಟರ್ ಹಂಚಿ ಫೋಟೋ ಹಿಡಿಸಿಕೊಂಡರು, ಬ್ಯಾಟರಿ ಹಾಕಲಿಲ್ಲ. ಲಿಫ್ಟ್ ಇವತ್ತಿಗೂ ಕೆಟ್ಟು ನಿಂತಿದೆ. ಅಮ್ಮನನ್ನು ಮೆಟ್ಟಿಲಲ್ಲಿ ಹೊತ್ತುಕೊಂಡೇ ಇಳಿಸಿದೆವು. ಕುಡಿಯುವ ನೀರಿನ ವಿಷಯ ಎತ್ತಿದರೆ ಪಂಚಾಯಿತಿಯನ್ನು ಕೇಳಿ ಅನ್ನುತ್ತಾರೆ.

ಸಂಬಂಧಪಟ್ಟವರು ತಕ್ಷಣ ಗಮನ ಹರಿಸಬೇಕು. ಸೋಡಾಲೈಮ್ ಕೊಡಲಿ, ಲಿಫ್ಟನ್ನೂ ರಿಪೇರಿ ಮಾಡಿಸಲಿ. ಜೀವ ಉಳಿಸಲು ನಿಂತ ಡಾಕ್ಟರನ್ನು ಹಠಮಾರಿ ಅನ್ನುವ ಅಧಿಕಾರಿಗಳು ಆ ಮೆಷಿನ್ ಏನು ಅಂತ ಮೊದಲು ತಿಳಿದುಕೊಳ್ಳಲಿ. ತಿಳಿಯದಿದ್ದರೆ ಪತ್ರಿಕೆಯವರ ಮುಂದೆ ಬಾಯಿ ಮುಚ್ಚಿಕೊಂಡಿರಲಿ.

— ನೊಂದ ರೋಗಿಯೊಬ್ಬರ ಮಗ